ಡಿಸೆಂಬರಿನಲ್ಲಿ ಪಕ್ಷ ಬಿಟ್ಟವರು

ಡಿಸೆಂಬರ್ 4, ಗುರುವಾರ

ಥರ್ಮನ್ ಅಜ್ಜನ ಎರಡು ಹಲ್ಲು ನನ್ನ ಕೋಟಿನ ಜೇಬಿನಲ್ಲೇ ಉಳಿದುಬಿಟ್ಟಿವೆ. ಡಾಕ್ಟರು ಮತ್ತೆ ಕೂರಿಸಿಯಾರು ಎಂದು ಶಾಲೆಯ ಊಟದ ಕೋಣೆಯ ನೆಲದಿಂದ ಹೆಕ್ಕಿಕೊಂಡಿದ್ದೆ. ಗಾಬರಿಯಲ್ಲಿ ಕೊಡುವುದನ್ನೇ ಮರೆತೆ.

ಅಲ್ಲಿ ನಡೆದ ಪಕ್ಷದ ಸಭೆಗೆ ನಾನು ಹೋದದ್ದು ಒಂದೇ ಒಂದು ಮಾತು ಕೇಳಲಿಕ್ಕೆ. ನನ್ನ ಮಗ ಡೆಲ್ ಅಕ್ಟೋಬರಿನಿಂದ ಕೌಂಟಿ ಜೈಲಿನಲ್ಲಿದ್ದಾನೆ. ಮುಚ್ಚಿದ ಗಣಿಯಿಂದ ತಾಮ್ರದ ತಂತಿ ಕಿತ್ತ. ಅದು ನಿಜ, ಶಿಕ್ಷೆ ಆಗಲಿ. ಆದರೆ ವಿಚಾರಣೆಯೇ ಶುರುವಾಗಿಲ್ಲ, ಆಗಲೇ ಬಲಗೈಯ ಮೂರು ಬೆರಳು ಮುರಿದಿವೆ. ಬಾಗಿಲಿಗೆ ಸಿಕ್ಕಿತು ಎನ್ನುತ್ತಾನೆ ಜೈಲರ್ ಬರ್ಲಿ ನೇಪಿಯರ್. ಅವನ ಜೈಲಿನ ಬಾಗಿಲಿಗೆ ಯಾರ ಬೆರಳು ಬೇಕಾದರೂ ಸಿಗುತ್ತದೆ. ಈ ಸಲ ಪಕ್ಷ ಅವನ ಬೆನ್ನಿಗೆ ನಿಲ್ಲಬಾರದು ಎಂದು ಕೇಳಬೇಕಿತ್ತು. ಇಲ್ಲಿ ಜೈಲರನನ್ನು ಆರಿಸುವುದು ನಾವೇ ತಾನೇ. ನಮ್ಮ ಕಣಿವೆಯಲ್ಲಿ ಆ ಇನ್ನೊಂದು ಪಕ್ಷದವರು ಯಾರನ್ನೂ ನಿಲ್ಲಿಸುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಪಕ್ಷದವರೇ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಗೆದ್ದವನು ನವೆಂಬರಿನ ಚುನಾವಣೆಯಲ್ಲಿ ಕಾಲು ಚಾಚಿಕೊಂಡು ಕೂತರೂ ಗೆಲ್ಲುತ್ತಾನೆ.

ನಾನು ಬಾಯಿ ತೆರೆದದ್ದೇ ಗದ್ದಲ ಎದ್ದಿತು. ಆಗ ಎದ್ದು ನಿಂತವನು ಪಕ್ಕದ ಮನೆಯ ಥರ್ಮನ್ ಅಜ್ಜ. ಎಂಬತ್ತರ ಹತ್ತಿರದ ಮುದುಕ, ಪಕ್ಷದ ಸಭೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವವನು. "ಹುಡುಗಿ ಹೇಳೋದನ್ನ ಪೂರ್ತಿ ಕೇಳ್ರಪ್ಪ, ಆಮೇಲೆ ಬೈಯೋರಂತೆ" ಎಂದ. ಐವತ್ತೆರಡಾದ ನನ್ನನ್ನು ಹುಡುಗಿ ಎನ್ನುವವನು ಅವನೊಬ್ಬನೇ ಉಳಿದಿರುವುದು. ಬರ್ಲಿಯ ತಂಗಿಯ ಮಗ ಕ್ಲೀಟಸ್, ಅದೇ ಜೈಲಿನ ಕಾವಲುಗಾರ, ಮಡಿಸುವ ಕಬ್ಬಿಣದ ಕುರ್ಚಿ ಎತ್ತಿ ಅಜ್ಜನ ಬಾಯಿಗೆ ಬೀಸಿದ.

ಅಜ್ಜ ನಿಂತಲ್ಲೇ ಕುಸಿದ. ಅಧ್ಯಕ್ಷರು ಮೇಜು ಕುಟ್ಟಿ ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ, ಕ್ರಿಸ್‌ಮಸ್ ಊಟಕ್ಕೆ ಹ್ಯಾಮ್ ಮಾಡಿಸುವುದೋ ಟರ್ಕಿಯೋ ಎಂಬುದು.

ನನಗೆ ಹೊಡೆದಾಟ ಆಗುವುದಿಲ್ಲ. ಬೇಟೆಗಾರರು ತಂದ ಜಿಂಕೆಯನ್ನು ದಿನವಿಡೀ ಸುಲಿದು, ಕಡಿದು, ಕಾಗದದಲ್ಲಿ ಸುತ್ತಿಕೊಡುವವಳು ಹೀಗೆ ಹೇಳಿದರೆ ಜನ ನಗುತ್ತಾರೆ. ನಕ್ಕರೆ ನಗಲಿ. ಮನೆಗೆ ಬಂದು ವಾಂತಿ ಮಾಡಿಕೊಂಡೆ.

ಡಿಸೆಂಬರ್ 8, ಸೋಮವಾರ

ಅಜ್ಜನಿಗೆ ಸೂಪು ಕುಡಿಸಿ ಬಂದೆ. ತುಟಿಗೆ ಹೊಲಿಗೆ ಹಾಕಿದ್ದಾರೆ.

"ನಾನು ಪಕ್ಷ ಬಿಡ್ತೀನಿ ಅಜ್ಜ. ನೀನೂ ಬಿಡು" ಎಂದೆ.

"ನಮ್ಮಪ್ಪ ಇದೇ ಪಕ್ಷ, ಅವರಪ್ಪಾನೂ ಇದೇ. ಎರಡು ಹಲ್ಲು ಹೋಯ್ತು ಅಂತ ಮನೆ ಬಿಟ್ಟು ಹೋಗಕ್ಕಾಗುತ್ತಾ?"

"ಹಲ್ಲು ಮುರಿಯೋ ಮನೆ ಎಂಥಾ ಮನೆ?"

"ಹಂಗಾದ್ರೆ ಆ ಪಕ್ಷಕ್ಕೆ ಹೋಗೋಣ ಅಂತೀಯಾ?"

"ಅವರು ನಾಲ್ಕು ವರ್ಷಕ್ಕೊಂದ್ಸಲ ಪಟ್ಟಣದಿಂದ ಬಂದು ಫೋಟೋ ಹೊಡೆಸ್ಕೊಂಡು ಹೋಗೋರು. ಅವರ ಸಹವಾಸ ಯಾರಿಗೆ ಬೇಕು. ವೋಟರ್ ಪಟ್ಟೀಲಿ ಯಾವ ಪಕ್ಷಾನೂ ಬೇಡ ಅಂತ ಬರೆಸೋಣ. ಹೇಗಿದ್ರೂ ಬರ್ಲಿ ಎದುರು ಯಾರೂ ನಿಲ್ತಿಲ್ಲ. ವೋಟು ಹಾಕಿದ್ರೂ ಅವನೇ, ಹಾಕದಿದ್ರೂ ಅವನೇ. ಅವನ ಮದುವೇಲಿ ನಾವ್ಯಾಕೆ ತಮಟೆ ಬಡೀಬೇಕು?"

ಅಜ್ಜ ನಕ್ಕ. ಹೊಲಿಗೆ ಜಗ್ಗಿ ರಕ್ತ ಜಿನುಗಿತು. ಆಲೋಚನೆ ಮಾಡಿ ಹೇಳುತ್ತೇನೆ ಎಂದ. ನಾನು ಹೊರಡುವವರೆಗೂ ಕಿಟಕಿಯ ಕಡೆಗೇ ನೋಡುತ್ತಿದ್ದ.

ಡಿಸೆಂಬರ್ 15, ಸೋಮವಾರ

ಇಂದು ನಮ್ಮ ದಂಡು ಕೌಂಟಿ ಗುಮಾಸ್ತೆಯ ಕಚೇರಿಗೆ ನುಗ್ಗಿತು. ನಲವತ್ತಕ್ಕೂ ಹೆಚ್ಚು ಜನ. ವಾರವಿಡೀ ನಾನು ಕೊಳ್ಳ ಕೊಳ್ಳ ಅಲೆದು, ಒಬ್ಬೊಬ್ಬರ ಬಾಗಿಲಲ್ಲೂ ಕಾಫಿ ಕುಡಿದು ಸೇರಿಸಿದ ಜನ. ಎಲ್ಲರೂ ಬರ್ಲಿಯನ್ನು ಕಂಡರೆ ಉರಿದುಬೀಳುವವರು. ಎಲ್ಲರೂ ಪಟ್ಟಿಯಲ್ಲಿ ಪಕ್ಷದ ಹೆಸರು ಹೊಡೆದುಹಾಕಿಸಿ, ಯಾವ ಪಕ್ಷವೂ ಇಲ್ಲ ಎಂದು ಬರೆಸಿದರು.

ಗುಮಾಸ್ತೆ ಲುರೀನ್ ಕನ್ನಡಕದ ಮೇಲಿಂದ ನೋಡಿ, "ಓರ್ಫಾ, ಒಂದು ಮಾತು ಹೇಳ್ಲಾ..." ಎಂದು ಶುರುಮಾಡಿದಳು.

"ನಿನ್ನ ಮಾತು ಬೇಡ ಲುರೀನ್, ಫಾರಂ ಕೊಡು" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಅಜ್ಜ ಕೊನೆಯಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದು. ಸಹಿ ಹಾಕಿದ ಮೇಲೆ ಪೆನ್ನು ಕೆಳಗಿಡುವುದನ್ನು ಮರೆತು ಹಾಗೇ ನಿಂತುಬಿಟ್ಟ. ನಾನೇ ಪೆನ್ನು ತೆಗೆದು ಹೊರಗೆ ಕರೆತಂದೆ. ನನಗೆ ಮಾತ್ರ ಬಹಳ ದಿನಗಳ ಮೇಲೆ ಎದೆ ಹಗುರಾಗಿದೆ.

ಜನವರಿ 9, ಶುಕ್ರವಾರ

ಆರ್ವಿಲ್ ಸ್ಲೋನ್ ಪ್ರೈಮರಿಗೆ ನಿಂತಿದ್ದಾನೆ. ಕೊನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ ಬಂದು ಬರ್ಲಿಯ ಎದುರು ಹೆಸರು ಕೊಟ್ಟುಹೋದನಂತೆ. ಜೈಲಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಬರ್ಲಿ ಬಂದ ಮೇಲೆ, ಕೈದಿಗಳಿಗೆ ಬೀನ್ಸ್ ಬಿಸಿಯಾಗಿ ಬಡಿಸಿದ್ದೇ ತಪ್ಪಾಗಿ ಕೆಲಸ ಕಳೆದುಕೊಂಡ. ಯಾರ ಮೇಲೂ ದನಿ ಎತ್ತದ ಮನುಷ್ಯ. ಅವನು ಜೈಲರ್ ಆದರೆ ಡೆಲ್‌ನನ್ನು ಯಾರೂ ಮುಟ್ಟುವುದಿಲ್ಲ.

ಅಂಗಡಿಯಲ್ಲಿ ಒಬ್ಬಳೇ ಇದ್ದರೂ ಜೋರಾಗಿ ಹಾಡಿಕೊಂಡೆ. ಸೋಮವಾರ ಎಲ್ಲರೂ ಮತ್ತೆ ಪಕ್ಷಕ್ಕೆ ಸೇರಿಕೊಂಡುಬಿಡಬೇಕು, ಮೇ ತಿಂಗಳಲ್ಲಿ ಆರ್ವಿಲ್‌ಗೆ ಹಾಕಬೇಕು.

ಜನವರಿ 12, ಸೋಮವಾರ

ಆಗುವುದಿಲ್ಲವಂತೆ.

"ಡಿಸೆಂಬರ್ ಮೂವತ್ತೊಂದಕ್ಕೇ ಬಾಗಿಲು ಹಾಕಿತು ಓರ್ಫಾ" ಎಂದಳು ಲುರೀನ್. "ಪ್ರೈಮರಿಲಿ ಹಾಕೋರು ಅಷ್ಟರೊಳಗೆ ಪಕ್ಷದಲ್ಲಿರ್ಬೇಕು. ಈಗ ಸೇರ್ಕೊಂಡ್ರೂ ಈ ಮೇಗೆ ಬರಲ್ಲ. ಅವತ್ತು ಅದನ್ನೇ ಹೇಳಕ್ಕೆ ಬಂದೆ, ನೀನು ಹೇಳಕ್ಕೆ ಬಿಡ್ಲಿಲ್ಲ."

"ನಿಲ್ಲೋನು ಜನವರಿ ಒಂಬತ್ತರ ತನಕ ಯೋಚನೆ ಮಾಡ್ಬಹುದು, ಹಾಕೋರು ಮಾತ್ರ ಡಿಸೆಂಬರಲ್ಲೇ ಕಣಿ ಕೇಳ್ಕೊಂಡು ಬರ್ಬೇಕಾ?"

"ಕಾನೂನು ನಾನು ಬರೆದಿದ್ದಲ್ಲ ತಾಯಿ."

ಕೌಂಟರಿನ ಗಾಜಿಗೆ ಅಂಗೈಯಿಂದ ಬಡಿದೆ. ಅದು ಬಿರುಕು ಬಿಟ್ಟಿತು. ಹಳೆಯ ಗಾಜು. ಲುರೀನ್ ಕುರ್ಚಿ ಹಿಂದಕ್ಕೆ ಸರಿಸಿಕೊಂಡಳು, ಅವಳದು ಯಾವಾಗಲೂ ಅತಿ. ಪಕ್ಷ ಇಲ್ಲದವರು ಬೇಕಾದರೆ ಸ್ವತಂತ್ರವಾಗಿ ನವೆಂಬರಿನ ಚುನಾವಣೆಗೆ ನಿಲ್ಲಬಹುದು, ಈಗ ಹೆಸರು ಬರೆಸಿ, ಜೂನ್ ಮೊದಲ ವಾರದೊಳಗೆ ನೂರು ಜನರ ಸಹಿ ತಂದುಕೊಟ್ಟರೆ ಸಾಕು ಎಂದಳು. ಹಠಕ್ಕೆ ಜೈಲರ್ ಸ್ಥಾನಕ್ಕೆ ನನ್ನ ಹೆಸರನ್ನೇ ಬರೆಸಿ ಬಂದೆ. ಆರ್ವಿಲ್ ಗೆದ್ದರೆ ಆ ಕಾಗದ ಒಲೆಗೆ ಹಾಕುತ್ತೇನೆ.

ನಲವತ್ತು ವೋಟು. ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಬಾವಿಗೆ ಹಾಕಿದೆ. ಅಂಗೈ ಊದಿಕೊಂಡಿದೆ.

ಫೆಬ್ರವರಿ 2, ಸೋಮವಾರ

ಡೆಲ್‌ನನ್ನು ನೋಡಲು ಬಿಟ್ಟರು. ಗಾಜಿನ ಆಚೆ ಅವನು, ಈಚೆ ನಾನು, ನಡುವೆ ಫೋನು. ಎಡಗಣ್ಣು ಮುಚ್ಚಿಹೋಗಿತ್ತು.

"ಏನಾಯ್ತು?"

"ಬಿದ್ದೆ."

"ಎಲ್ಲಿಂದ?"

"ನಿಂತಲ್ಲಿಂದ."

ನಗುವುದಕ್ಕೆ ಪ್ರಯತ್ನ ಮಾಡಿದ. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು, "ಅಮ್ಮ, ಊರಲ್ಲಿ ನೀನು ಏನ್ ಮಾತಾಡಿದ್ರೂ ಅದು ಇಲ್ಲಿ ನನಗೆ ಗೊತ್ತಾಗುತ್ತೆ. ಸುಮ್ನಿರ್ತೀಯಾ?" ಎಂದ.

ಇಪ್ಪತ್ನಾಲ್ಕು ವರ್ಷದ ಮಗನಿಗೆ ಹೆದರಿಕೆ ಹತ್ತಿಸಿದ್ದಾರೆ. ಸುಮ್ಮನಿರಬೇಕಂತೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟೇ ಒಳ್ಳೆಯದು, ಕೆಲಸಕ್ಕೆ ಬರುತ್ತದೆ.

ಫೆಬ್ರವರಿ 14, ಶನಿವಾರ

ಪೆಟ್ರೋಲ್ ಬಂಕಿನ ಹಿಂದೆ ಕ್ಲೀಟಸ್ ಒಬ್ಬನೇ ಟ್ರಕ್ಕಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ನನ್ನ ಗಾಡಿಯಲ್ಲಿ ಕೊಡಲಿಯ ಕಾವು ಇತ್ತು. ಮೊದಲ ಏಟು ಮೊಣಕಾಲಿಗೆ. ಎರಡನೆಯದು ಬಗ್ಗಿದವನ ಭುಜಕ್ಕೆ, ಮೂಳೆ ಹೋದ ಸದ್ದು ಕೇಳಿಸಿತು. ಮೂರನೆಯದು ಬೇಕಿರಲಿಲ್ಲ, ಆದರೂ ಹಾಕಿದೆ.

"ಅಜ್ಜನ ಲೆಕ್ಕ" ಎಂದೆ. ಅವನು ನೆಲದಲ್ಲಿ ಬಿದ್ದು ಕೈ ಅಡ್ಡ ಹಿಡಿದು, "ಬೇಡ ಓರ್ಫಾ ಆಂಟಿ, ಬೇಡ" ಎನ್ನುತ್ತಿದ್ದ. ಚಿಕ್ಕವನಿದ್ದಾಗ ಡೆಲ್ ಜೊತೆ ನಮ್ಮನೆಯಲ್ಲೇ ಆಡಿಕೊಂಡಿದ್ದ ಹುಡುಗ, ಆಗ ಹಾಗೆ ಕರೆಯುತ್ತಿದ್ದ. ಹೆಂಗಸಿನ ಕೈಲಿ ಪೆಟ್ಟು ತಿಂದೆ ಎಂದು ಅವನು ದೂರು ಕೊಡುವವನಲ್ಲ.

ಮನೆಗೆ ಬಂದು ಜೋಳದ ರೊಟ್ಟಿ, ಬೀನ್ಸು, ಹಂದಿ ಮಾಂಸ ಹೊಟ್ಟೆ ತುಂಬ ತಿಂದೆ. ಒಳ್ಳೆ ನಿದ್ದೆ ಬರುವ ಹಾಗಿದೆ.

ಫೆಬ್ರವರಿ 19, ಗುರುವಾರ

ಡೆಲ್‌ನನ್ನು ಲೆಕ್ಸಿಂಗ್ಟನ್ ಆಸ್ಪತ್ರೆಗೆ ಸಾಗಿಸಿದ್ದಾರೆ. ಕುರ್ಚಿಗೆ ಕಟ್ಟಿಹಾಕಿ ಸೊಂಟಕ್ಕೆ ಒದ್ದಿದ್ದಾರೆ. ಒಂದು ಕಿಡ್ನಿ ತೆಗೆಯಬೇಕಾಯಿತು. ಮಂಚಕ್ಕೆ ಕೋಳ ಹಾಕಿ ಮಲಗಿಸಿದ್ದಾರೆ, ನನಗೆ ಬಾಗಿಲಿನಿಂದಲೇ ನೋಡಲು ಬಿಟ್ಟರು. ಮುಖ ಗೋಡೆಯ ಕಡೆ ಇತ್ತು. ನನ್ನ ಮಗುವಿನ ಬೆನ್ನು ಅಷ್ಟು ಸಣ್ಣದು ಎಂದು ಗೊತ್ತೇ ಇರಲಿಲ್ಲ.

ಜೊತೆಗೆ ಬಂದಿದ್ದ ಥರ್ಮನ್ ಅಜ್ಜ ವಾಪಸು ಬರುವಾಗ ಗಾಡಿಯಲ್ಲಿ, "ಕ್ಲೀಟಸ್‌ಗೆ ಹೊಡೆದಿದ್ದು ಶನಿವಾರ. ಹುಡುಗನ್ನ ಕಟ್ಟಿಹಾಕಿದ್ದು ಭಾನುವಾರ" ಎಂದ.

"ಅದಕ್ಕೂ ಇದಕ್ಕೂ ಏನು ಸಂಬಂಧ? ಬರ್ಲಿಗೆ ಕಾರಣ ಬೇಕಾ?" ಎಂದೆ.

ವಯಸ್ಸಾದ ಮೇಲೆ ಮನುಷ್ಯ ಪುಕ್ಕಲನಾಗುತ್ತಾನೆ. ಅವನನ್ನು ಅವನ ಮನೆಯ ಮುಂದೆ ಇಳಿಸಿ ಬಂದೆ.

ಏಪ್ರಿಲ್ 11, ಶನಿವಾರ

ಬರ್ಲಿ ನೇಪಿಯರ್ ಖುದ್ದಾಗಿ ಅಂಗಡಿಗೆ ಬಂದ, ಟ್ರಕ್ಕಿನ ಹಿಂದೆ ಹಂದಿ ಹಾಕಿಕೊಂಡು. ಪ್ರೈಮರಿಗೆ ಮುಂಚೆ ಓಟುದಾರರಿಗೆ ಹಂದಿ ಊಟ ಹಾಕಿಸುವುದು ಇಲ್ಲಿ ಎಲ್ಲ ಜೈಲರರೂ ಮಾಡಿಕೊಂಡು ಬಂದದ್ದು.

"ಈ ಕೌಂಟೀಲಿ ನಿನ್ನಷ್ಟು ಚೆನ್ನಾಗಿ ಕಡಿಯೋರು ಯಾರೂ ಇಲ್ಲ ಓರ್ಫಾ" ಎಂದ. ಅವನ ದನಿ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವವನದು, ಮೆತ್ತಗೆ.

ಕಡಿದೆ. ಅವನು ಮೇಜಿನ ಮೇಲೆ ಅಂಗೈ ಊರಿಕೊಂಡು ನಿಂತು ನೋಡುತ್ತಿದ್ದ.

"ಡೆಲ್ ವಾಪಸ್ ಬಂದಿದಾನೆ ನಮ್ಮತ್ರ. ಉಪ್ಪು ಕಮ್ಮಿ ಊಟ ಕೊಡ್ತಿದೀವಿ. ಒಂದೇ ಕಿಡ್ನಿ ನೋಡು, ಜೋಪಾನ."

ಚಾಕುವನ್ನು ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೇಜಿಗೆ ಇಳಿಸಿದೆ. ಹಿಡಿ ಅಲ್ಲಾಡುತ್ತ ನಿಂತಿತು. ಹೆಬ್ಬೆರಳಿನ ಪಕ್ಕದ ಚರ್ಮ ಸೀಳಿ ರಕ್ತ ಬಂತು. ಅವನು ಕೈ ತೆಗೆಯಲಿಲ್ಲ. ಚಾಕುವನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನಿಧಾನವಾಗಿ ನಕ್ಕ.

"ಅಡುಗೆಯವನ ಹಿಂದೆ ಯಾಕೆ ಸುತ್ತುತೀಯ? ನನ್ನತ್ರ ಕೆಲಸಕ್ಕೆ ಬಾ. ನಿನ್ನಂಥೋರೇ ಬೇಕು ನನಗೆ."

ಕಡಿದ ಮಾಂಸ ತುಂಬಿಕೊಂಡು, ಟೋಪಿ ಎತ್ತಿ ವಂದನೆ ಮಾಡಿ ಹೋದ. ಎಂಥ ಭಂಡ. ಮೇಜಿನ ಮೇಲೆ ಅವನದು ಯಾವುದು ಹಂದಿಯದು ಯಾವುದು ಗೊತ್ತಾಗದ ಹಾಗೆ ರಕ್ತ ಬೆರೆತಿತ್ತು, ಬಿಸಿನೀರು ಹಾಕಿ ತೊಳೆದೆ.

ಮೇ 7, ಗುರುವಾರ

ನಮ್ಮ ನಲವತ್ತು ಜನ ಹಾಕುವ ಹಾಗಿಲ್ಲ. ಆದರೆ ಪಕ್ಷದಲ್ಲೇ ಉಳಿದವರು ಇದ್ದಾರಲ್ಲ, ಅವರ ಬೆನ್ನು ಹತ್ತಿದ್ದೇನೆ. ಬರ್ಲಿಯ ಪ್ರಚಾರದ ಫಲಕ ನೆಟ್ಟ ಎರಡು ಮನೆಗಳ ಮುಂದೆ ಟ್ರಕ್ಕುಗಳ ಟೈರು ಹರಿದಿವೆ. ಮೂರನೆಯ ಮನೆಯವನು ತಾನೇ ಫಲಕ ಕಿತ್ತು ಒಳಗಿಟ್ಟ. ಅವನ ಹೆಂಡತಿ ಬಾಗಿಲ ಸಂದಿಯಿಂದ, "ಮಕ್ಕಳಿದಾರೆ ಓರ್ಫಾ" ಎಂದಳು. ನನಗಿಲ್ಲವೇ?

ಆರ್ವಿಲ್ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ.

"ನಿನ್ನ ಸಹಾಯ ನನಗೆ ಬೇಡ ಓರ್ಫಾ."

"ಗೆಲ್ಬೇಕೋ ಬೇಡ್ವೋ ನಿನಗೆ?"

"ಹಿಂಗೆ ಬೇಡ. ನನಗೆ ಹಾಕ್ಬೇಕು ಅಂತಿದ್ದೋರು ಈಗ ಮನೇಲೇ ಇರ್ತೀವಿ ಅಂತಿದಾರೆ. ಬರ್ಲಿ ಬಂದ್ರೂ ಹೆದರಿಕೆ, ನೀನು ಬಂದ್ರೂ ಹೆದರಿಕೆ, ಈ ಚುನಾವಣೇನೇ ಬೇಡ ಅಂತಾರೆ."

ಅವನ ಎದೆಗೆ ಕೈಯಿಟ್ಟು ಹೊರಗೆ ನೂಕಿದೆ. ಮೆಟ್ಟಿಲು ತಪ್ಪಿ ಬಿದ್ದ. ಸೌಟು ಹಿಡಿದವನಿಗೆ ಸೌಟೇ ಗತಿ. ಇಂಥವನನ್ನು ನಂಬಿ ಕೂತಿದ್ದೇನೆ ನಾನು, ಎಂಥ ಕರ್ಮ.

ಮೇ 19, ಮಂಗಳವಾರ

ಪ್ರೈಮರಿ.

ಗೊತ್ತಿದ್ದೂ ಹೋದೆ. ಅಗ್ನಿಶಾಮಕ ಠಾಣೆಯಲ್ಲಿ ಮತಗಟ್ಟೆ. ಮೇಜಿನ ಹಿಂದಿನ ಹುಡುಗಿ ನನ್ನ ಹೆಸರು ನೋಡಿ, "ನಿಮಗೆ ಇವತ್ತು ಇಲ್ಲ ಮೇಡಂ" ಎಂದಳು. ಅಮ್ಮ ಮಲಗಿದ್ದಾಳೆ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದಳು. ಹೊರಗೆ ರಸ್ತೆಯಂಚಿನಲ್ಲಿ ಸಂಜೆಯವರೆಗೆ ನಿಂತಿದ್ದೆ. ಅಷ್ಟು ಕಡಿಮೆ ಜನ ಯಾವತ್ತೂ ಬಂದದ್ದಿಲ್ಲ. ಪಕ್ಷದಲ್ಲಿದ್ದವರೂ ಬರಲಿಲ್ಲ. ಕೆಲವರು ಗಾಡಿ ನಿಲ್ಲಿಸಿ, ಒಂದು ಕಡೆ ಕ್ಲೀಟಸ್‌ನ ಗುಂಪು, ಇನ್ನೊಂದು ಕಡೆ ನಾನು ನಿಂತಿದ್ದನ್ನು ನೋಡಿ ಹಾಗೇ ತಿರುಗಿಸಿಕೊಂಡು ಹೋದರು.

ಎಣಿಕೆ ಬೇಗ ಮುಗಿಯಿತು. ಬರ್ಲಿ ಗೆದ್ದ, ಇಪ್ಪತ್ತಾರು ವೋಟಿನಿಂದ.

ಆಮೇಲಿನದು ಪೂರ್ತಿ ನೆನಪಿಲ್ಲ. ಕ್ಲೀಟಸ್ ಒಂಟಿ ಕೈಯಲ್ಲಿ ಬಿಯರ್ ಡಬ್ಬಿ ಎತ್ತಿ ನನ್ನ ಕಡೆ ತೋರಿಸಿದ. ಮತ್ತೊಬ್ಬನ ತಲೆ ಟ್ರಕ್ಕಿನ ಬಾಗಿಲಿಗೆ ಬಡಿದದ್ದು ನೆನಪಿದೆ, ಬಡಿದವಳು ನಾನೇ. ನನ್ನ ಹುಬ್ಬಿನ ಮೇಲೆ ಬಾಟಲಿ ಒಡೆಯಿತು. ಯಾರೋ ಗಾಳಿಯಲ್ಲಿ ಗುಂಡು ಹಾರಿಸಿದಾಗ ಎಲ್ಲ ಚದುರಿದರು. ಒಂದು ಕಣ್ಣಿಗೆ ಬಟ್ಟೆ ಒತ್ತಿಕೊಂಡು ಬರೆಯುತ್ತಿದ್ದೇನೆ. ಇಪ್ಪತ್ತಾರು.

ಮೇ 20, ಬುಧವಾರ

ಜನವರಿಯಲ್ಲಿ ನನ್ನ ಹೆಸರು ಬರೆಸಿದ ಕಾಗದವನ್ನು ಒಲೆಗೆ ಹಾಕಲಿಲ್ಲ. ನವೆಂಬರಿನಲ್ಲಿ ಬರ್ಲಿ ಎದುರು ಈಗ ಉಳಿದಿರುವುದು ನಾನೇ.

ಮೇ 27, ಬುಧವಾರ

ಡೆಲ್ ಮನೆಗೆ ಬಂದ. ತಪ್ಪೊಪ್ಪಿಕೊಂಡ, ಒಳಗಿದ್ದ ದಿನಗಳೇ ಶಿಕ್ಷೆ ಎಂದು ನ್ಯಾಯಾಧೀಶರು ಬಿಟ್ಟರು. ಬಾಗಿಲಲ್ಲಿ ತಬ್ಬಿಕೊಂಡೆ. ಮರದ ತುಂಡಿನಂತೆ ನಿಂತಿದ್ದ. ಕೋಳಿ ಹುರಿದು, ಆಲೂಗಡ್ಡೆ ಕಲಸಿ ಬಡಿಸಿದೆ, ಉಪ್ಪಿಲ್ಲದೆ. ತಟ್ಟೆಗೆ ಮೊಣಕೈ ಅಡ್ಡ ಇಟ್ಟುಕೊಂಡು ತಿಂದ. ಮಗ ನನ್ನ ಅಡುಗೆಮನೆಯಲ್ಲಿ ಕೂತಿದ್ದಾನೆ ಎಂಬ ಸುಖಕ್ಕೆ ಒಂದೆರಡು ಸಲ ಎದ್ದು ಅವನ ತಲೆ ಮುಟ್ಟಿ ನೋಡಿದೆ. ಮುಟ್ಟಿದಾಗೆಲ್ಲ ಕಣ್ಣು ಮುಚ್ಚುತ್ತಿದ್ದ.

ಸಹಿಯ ಹಾಳೆಗಳನ್ನು ನೋಡಿ, "ಇದ್ಯಾಕಮ್ಮ? ನಾನು ಬಂದಾಯ್ತಲ್ಲ" ಎಂದ.

"ಬರ್ಲಿ ಹಾಗೇ ಇದಾನಲ್ಲ."

"ಇರ್ಲಿ ಬಿಡು. ಮನೇಲಿರೋಣ."

ಜೈಲು ಅವನ ರಕ್ತವನ್ನೇ ಹಿಂಡಿಬಿಟ್ಟಿದೆ. ಅದಕ್ಕೂ ಸೇರಿಸಿ ಬರ್ಲಿಯಿಂದ ವಸೂಲಿ ಮಾಡುತ್ತೇನೆ.

ಜೂನ್ 1, ಸೋಮವಾರ

ನಾಳೆ ಗಡುವು. ಬೆಳಗ್ಗೆಯಿಂದ ಡೆಲ್‌ನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಸಹಿಗೆ ಅಲೆದೆ. ಅವನ ಮುಖ ನೋಡಿದರೆ ಜನಕ್ಕೆ ಅರ್ಥವಾಗಲಿ ಎಂದು. ಈ ಸಲ ಕಾಫಿ, ಹರಟೆ ಏನೂ ಬೇಕಾಗಲಿಲ್ಲ. ಟ್ರಕ್ಕು ನಿಂತ ಸದ್ದಿಗೇ ಬಾಗಿಲು ತೆಗೆದು, ಹಾಳೆ ಓದದೆ ಸಹಿ ಹಾಕಿ ಕೊಟ್ಟರು. ಜನ ಕೊನೆಗೂ ದಾರಿಗೆ ಬಂದಿದ್ದಾರೆ.

ಕೊನೆಗೆ ಥರ್ಮನ್ ಅಜ್ಜನ ಮನೆ. ಅವನದಂತೂ ಇದ್ದೇ ಇದೆ ಎಂದುಕೊಂಡು ಕೊನೆಗಿಟ್ಟಿದ್ದೆ. ಜಗಲಿಯಲ್ಲಿ ಕೂತಿದ್ದ.

"ಹಾಕಲ್ಲ ಓರ್ಫಾ" ಎಂದ.

"ಯಾಕೆ?"

"ಪಕ್ಷ ಬಿಡು ಅಂದೆ, ಬಿಟ್ಟೆ. ಇನ್ನು ನನ್ನನ್ನ ಬಿಟ್ಬಿಡು. ಆ ಜೈಲಿಗೆ ಬರ್ಲಿ ಹೋಗಿ ನೀನು ಬಂದ್ರೆ ಒಳಗಿರೋರಿಗೆ ಏನು ಸಿಗುತ್ತೆ?"

ಅವನ ಬಾಯಿಗೆ ಪೆಟ್ಟು ಬಿದ್ದಾಗ ರಕ್ತ ಒರೆಸಿದವಳು ನಾನು. ಅವನಿಗಾಗಿ ಕ್ಲೀಟಸ್‌ನ ಮೂಳೆ ಮುರಿದವಳು ನಾನು. ಕಣ್ಣು ಕತ್ತಲಿಟ್ಟಿತು. ಅಂಗಿಯ ಕಾಲರು ಹಿಡಿದು ಎಬ್ಬಿಸಿದೆ, ಹಗುರವಾಗಿ ಎದ್ದುಬಂದ. ಅಷ್ಟರಲ್ಲಿ ಡೆಲ್ ಟ್ರಕ್ಕಿನಿಂದ ಇಳಿದು ಬಂದು ನಮ್ಮಿಬ್ಬರ ನಡುವೆ ತೂರಿದ. "ಅಜ್ಜನ್ನ ಬಿಡಮ್ಮ" ಎಂದು ನನ್ನ ಮಣಿಕಟ್ಟು ಹಿಡಿದ.

ಹೊಡೆದೆ. ಮುಷ್ಟಿಯಿಂದ, ಕಿವಿಯ ಹತ್ತಿರ.

ಅವನು ಬೀಳಲಿಲ್ಲ, ಬೈಯಲೂ ಇಲ್ಲ. ತಿರುಗಿ ನಡೆದು ಹೋಗಿ ಟ್ರಕ್ಕಿನ ಪಕ್ಕಕ್ಕೆ ಎರಡೂ ಅಂಗೈ ಒತ್ತಿ, ಕಾಲು ಅಗಲಿಸಿ, ಹಣೆ ತಗಡಿಗೆ ಆನಿಸಿ ನಿಂತ. ಮುರಿದು ಕೂಡಿದ ಬೆರಳುಗಳು ಚಪ್ಪಟೆಯಾಗಿ ಅಂಟುವುದಿಲ್ಲ, ಅವನ್ನೂ ಒತ್ತಿ ಹಿಡಿಯಲು ನೋಡುತ್ತಿದ್ದ.

"ಏನೋ ಇದು, ಈ ಕಡೆ ತಿರುಗೋ" ಎಂದೆ.

ತಿರುಗಲಿಲ್ಲ. ಹಾಗೇ ನಿಂತು, ತಗ್ಗಿದ ದನಿಯಲ್ಲಿ, "ಮುಗೀತಾ, ಮೇಡಂ?" ಎಂದು ಕೇಳಿದ.

ಅಜ್ಜ ಜಗಲಿಯಿಂದ ಕೈ ಚಾಚಿದ. "ಪೆನ್ನು ತಾ ಇಲ್ಲಿ. ಎಲ್ಲಿ ಹಾಕ್ಬೇಕು ತೋರ್ಸು. ಹುಡುಗನ್ನ ಮಾತ್ರ ಇಲ್ಲೇ ಬಿಟ್ಟು ಹೋಗು."

ಬಿಟ್ಟು ಬಂದೆ. ಇವತ್ತೊಂದು ರಾತ್ರಿ ಅಲ್ಲೇ ಇರಲಿ, ಸುಧಾರಿಸಿಕೊಳ್ಳುತ್ತಾನೆ. ಅಜ್ಜನ ಸಹಿ ಸ್ವಲ್ಪ ನಡುಗಿದೆ, ಆದರೂ ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆ. ಲುರೀನ್ ತಕರಾರು ತೆಗೆಯುವ ಹಾಗಿಲ್ಲ.